ದೇವರ ಜಗಲಿಯ ಮೇಲಿನ ಬಿಳಿ ಪುಡಿ

ಮಹಾನಂದಾಳೊಡನೆ ಮೊದಲ ಮಾತುಕತೆ ನಿಗದಿಯಾದದ್ದು ಆಕೆಯ ಹೆಸರಿನ ಮೇಲೆ ಯಾರೋ ಗೆರೆ ಎಳೆದಿದ್ದ ಕಾರಣಕ್ಕೆ. ಹೈದರಾಬಾದಿನಲ್ಲಿ ನೌಕರಿ ಮುಗಿಸಿ, ಆರೋಗ್ಯಕ್ಕೆ ಒಳ್ಳೆಯದೆಂದು ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳಿಗೆ ಮರಳಿದ ಕುಟುಂಬಗಳ ಅನುಭವವನ್ನು ಅವರವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ೨೦೨೪ರ ಮಾರ್ಚ್‌ನಲ್ಲಿ ಆರಂಭವಾಗಿತ್ತು. ತಾಂಡೂರಿನ ನಿವೃತ್ತ ನೌಕರರ ಸಂಘದ ಕಾರ್ಯದರ್ಶಿ ಬಕ್ಕಪ್ಪ ಹತ್ತೊಂಬತ್ತು ಮನೆಗಳ ಪಟ್ಟಿಯನ್ನು ತನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟ. ಹನ್ನೆರಡನೆಯ ಹೆಸರಿನ ಮೇಲೆ ಮಾತ್ರ ನೀಲಿ ಶಾಯಿಯ ಗೆರೆ ಎರಡು ಸಲ ಎಳೆಯಲಾಗಿತ್ತು.

“ಅದನ್ನ ಬಿಡ್ರಿ. ಅವರು ತಿರುಗಿ ಸಿಟಿಗಿ ಹೋಗ್ಯಾರ. ನಿಮ್ಮ ಕೆಲಸಕ್ಕ ಬರಂಗಿಲ್ಲ” ಎಂದ ಬಕ್ಕಪ್ಪ.

ಯಾಕೆ ಹೋದರು ಎಂದು ಕೇಳಿದ್ದಕ್ಕೆ ಅವನು ಮುಖ ಸಿಂಡರಿಸಿದ. “ಆ ಹೆಣ್ಣಮಗಳ ಮೂಗಿಗಿ ಯಾವ ಊರೂ ನಡ್ಯಂಗಿಲ್ರಿ. ಕುಂತ್ರ ಹೊಲಸು, ನಿಂತ್ರ ಹೇಸಿಗಿ. ಕಡೀಕ ದೇವರಂಥ ಭಾವಗ ನೆಕ್ಕಿಸಬಾರದ್ದು ನೆಕ್ಕಿಸಿ ಹೋದಳು.”

ಹೀಗೆ ಹೇಳಿದವನು ಫೋನ್ ನಂಬರನ್ನೂ ಕೊಟ್ಟ. ಎರಡನೆಯ ಕರೆಗೆ ಆಕೆ ಉತ್ತರಿಸಿದಳು. “ಸಿಟಿ ಛಲೋನೋ ಸಣ್ಣ ಊರು ಛಲೋನೋ ಅಂತ ಕೇಳಾಕ ಬರಾಂವ್ರಿದ್ರ ಬರಬ್ಯಾಡ್ರಿ. ಅದೇ ಮಾತು ಕೇಳಿ ಕೇಳಿ ನನ್ನ ಕಿವಿ ಹೊಲಸಾಗ್ಯಾವ. ಏನಾತು ಅಂತ ಕೇಳ್ತೀರಿ ಅಂದ್ರ ಸೋಮವಾರ ಹನ್ನೊಂದಕ್ಕ ಬರ್ರಿ. ಚಪ್ಪಲಿ ಹೊರಗ ಬಿಟ್ಟು ಕಾಲು ತೊಳಕೊಂಡು ಬರ್ರಿ. ನಳ ಬಾಗಿಲ ಬಲಕ್ಕದ.” ಹೀಗೆ ನಿಗದಿಯಾದ ಸೋಮವಾರ ಒಂದೇ ಆಗಿ ಮುಗಿಯಲಿಲ್ಲ, ನಾಲ್ಕಾದವು.

ಮಹಾನಂದಾ ಹುಟ್ಟಿದ್ದು ನಾರಾಯಣಖೇಡದಲ್ಲಿ, ತೊಗರಿ ವ್ಯಾಪಾರದ ಲಿಂಗಾಯತರ ಮನೆಯಲ್ಲಿ. ಮದುವೆಯಾದದ್ದು ತಾಂಡೂರಿನ ಅಮರನಾಥನನ್ನು. ಮೂವತ್ತೊಂದು ವರ್ಷ ಸಂಸಾರ ಮಾಡಿದ್ದು ಹೈದರಾಬಾದಿನ ಲಿಂಗಂಪಲ್ಲಿಯ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ. ಗಂಡ ಸಿಟಿ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ಹೆಂಡತಿ ಒಂದು ಹೆಣ್ಣುಮಕ್ಕಳ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್. ಇಪ್ಪತ್ತನಾಲ್ಕು ವರ್ಷ ಗಾಜಿನ ಬೀಕರು, ನಳಿಗೆ ತೊಳೆದ ಕೈ ಅದು. ಒರೆಸಿದ ಗಾಜಿಗೂ ತೊಳೆದ ಗಾಜಿಗೂ ಇರುವ ವ್ಯತ್ಯಾಸವನ್ನು ಆಕೆ ಬಾಗಿಲಲ್ಲಿ ನಿಂತೇ ಹೇಳಬಲ್ಲವಳಾಗಿದ್ದಳು. ನಗರವನ್ನು ಆಕೆ ಎಂದೂ ಮೆಚ್ಚಿದವಳಲ್ಲ. ಕಿಟಕಿಯ ಸರಳಿಗೆ ದಿನವೂ ಹತ್ತುವ ಕರಿ ಮಸಿ, ಮನೆಯ ಹಿಂದಿನ ನಾಲೆಯ ಕೊಳೆತ ನಾತ, ಮೆಟ್ಟಿಲ ಮೂಲೆಯಲ್ಲಿ ಯಾರೋ ಉಗುಳಿದ ಗುಟಕಾ, ಇವುಗಳನ್ನು ನೆನೆದರೆ ಈಗಲೂ ಆಕೆಯ ತುಟಿ ಒಂದು ಬದಿಗೆ ವಾಲುತ್ತದೆ.

೨೦೧೯ರಲ್ಲಿ ಅಮರನಾಥ ನಿವೃತ್ತನಾದ. ಮುಂಜಾನೆ ನಾಲ್ಕು ಸಲ ಕೆಮ್ಮುತ್ತಿದ್ದ, ಅಷ್ಟೇ. ಮೂರು ಮಹಡಿಯನ್ನು ತರಕಾರಿ ಚೀಲದ ಸಮೇತ ನಿಲ್ಲದೆ ಏರುತ್ತಿದ್ದ. ಆ ನಾಲ್ಕು ಕೆಮ್ಮನ್ನು ತಾಂಡೂರಿನ ಅಣ್ಣ ವೀರಪ್ಪ ಫೋನಿನಲ್ಲೇ ಕೇಳಿಸಿಕೊಂಡ. “ಡಿಪೋದ ಹೊಗಿ ಕುಡ್ದು ಕುಡ್ದು ಎದಿ ಕುಲುಮಿ ಮಾಡ್ಕೊಂಡಿದಿ. ಇಲ್ಲಿ ಬಾ. ಇಲ್ಲಿ ಹವಾ ಅಮೃತ ಅದ, ಅಮೃತ! ನನ್ನ ಜಾಗಾದಾಗ ಅರ್ಧ ನಿಂದೇ.” ಅಣ್ಣನ ಮಾತು ಅಮರನಾಥನಿಗೆ ಅಪ್ಪನ ಮಾತಿದ್ದಂತೆ. ಲಿಂಗಂಪಲ್ಲಿಯ ಮನೆ ಮಾರಿದರು. ೨೦೨೦ರ ನವೆಂಬರಿನಲ್ಲಿ ತಾಂಡೂರಿನಲ್ಲಿ ಅಣ್ಣನ ಜಾಗದಲ್ಲಿ ಕಟ್ಟಿಸಿದ ಹೊಸ ಮನೆಗೆ ಹಾಲು ಉಕ್ಕಿಸಿ ಹೊಕ್ಕರು.

ಆ ಮನೆಯ ಹಿಂಗೋಡೆಗೆ ಹತ್ತಿಕೊಂಡೇ ವೀರಪ್ಪನ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆ ಇತ್ತು. ಗಣಿಯಿಂದ ಬಂದ ಹಾಸುಗಲ್ಲನ್ನು ಅಲ್ಲಿ ನೀರು ಬಿಟ್ಟು ಯಂತ್ರದಿಂದ ಉಜ್ಜುತ್ತಿದ್ದರು. ಉಜ್ಜಿದ ನೀರು ಗಟ್ಟಿ ಹಾಲಿನಂತೆ ಚರಂಡಿಗೆ ಹರಿದು, ಬಿಸಿಲಿಗೆ ಒಣಗಿ, ರಸ್ತೆಯ ಬದಿಗೆ ಗುಡ್ಡೆ ಬೀಳುತ್ತಿತ್ತು. ಲಾರಿ ಹೋದಾಗಲೆಲ್ಲ ಆ ಗುಡ್ಡೆ ಅರ್ಧ ಎದ್ದು ಊರ ಮೇಲೆ ಕೂರುತ್ತಿತ್ತು. ಬೇವಿನ ಮರ ಬೂದು, ಎಮ್ಮೆಗಳ ಬೆನ್ನು ಬೂದು. ಹೆಪ್ಪಿಟ್ಟ ಮೊಸರಿನ ಮೇಲೆ ಕೆನೆಗಿಂತ ಮೊದಲು ಧೂಳು ಕಟ್ಟುತ್ತಿತ್ತು. ಜೋಳದ ರೊಟ್ಟಿಯನ್ನು ಕಚ್ಚಿದರೆ ಹಲ್ಲಿನ ನಡುವೆ ಕರಕರ. ಮಹಾನಂದಾ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ನೆಲ ಒರೆಸಿದಳು. ಬಕೆಟ್ಟಿನ ನೀರು ಮೂರೂ ಸಲ ಅಕ್ಕಿ ತೊಳೆದ ನೀರಿನಂತೆ ಆಗುತ್ತಿತ್ತು. ನೆರೆಯವರು ಹೊಸ್ತಿಲ ಮೇಲೆ ಕೂತು, ಗಂಟಲಿನ ತಳದಿಂದ ಎಳೆದು ಚರಂಡಿಗೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, “ಸಿಟಿಯಾಗ ಇಂಥಾ ಗಾಳಿ ಎಲ್ಲಿ ಸಿಗಬೇಕ್ರಿ?” ಎಂದು ಕೇಳುತ್ತಿದ್ದರು. ಧೂಳಿಗಿಂತ ಧೂಳಿನ ಹೊಗಳಿಕೆಯೇ ಆಕೆಗೆ ಹೆಚ್ಚು ಹೇಸಿಗೆ ಎನಿಸಿತು.

ಇಷ್ಟೆಲ್ಲ ಹೇಸುವವಳು ಮನೆಯ ಒಂದು ಜಾಗದಲ್ಲಿ ಮಾತ್ರ ಹೇಸುತ್ತಿರಲಿಲ್ಲ. ಅದು ದೇವರ ಜಗಲಿ.

ದೇವರ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ದೀಪದ ಹೊಗೆ ಹೋಗಲೆಂದು ಸೂರಿನ ಬಳಿ ಒಂದು ಗೇಣಗಲದ ಬೆಳಕಿಂಡಿ ಮಾತ್ರ ತೆರೆದಿತ್ತು. ಜಗಲಿಯ ಮೇಲೆ ಶ್ರೀಶೈಲದಿಂದ ತಂದ ವಿಭೂತಿ ಗಟ್ಟಿ. ಗಂಡಹೆಂಡಿರಿಬ್ಬರೂ ದಿನವೂ ಇಷ್ಟಲಿಂಗ ಪೂಜೆಗೆ ಮೊದಲು ಆ ಗಟ್ಟಿಯನ್ನು ತೊಯ್ದ ಬೆರಳಿನಿಂದ ಉಜ್ಜಿ ಹಣೆಗೆ ಹಚ್ಚುವರು. ಉಜ್ಜುವಾಗ ಉದುರಿದ ವಿಭೂತಿಯನ್ನು ತುಳಿಯಬಾರದು, ಚರಂಡಿಗೆ ಚೆಲ್ಲಬಾರದು. ನವಿಲುಗರಿಯಿಂದ ಕೂಡಿಸಿ ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿಡಬೇಕು. ಅತ್ತೆ ಕಲಿಸಿದ ಕ್ರಮವಿದು. ತಾಂಡೂರಿಗೆ ಬಂದ ಮೇಲೆ ಜಗಲಿಯ ಮೇಲೆ ನುಣ್ಣಗೆ, ತೆಳುವಾಗಿ, ಹಾಲುಬಣ್ಣದ ಪುಡಿ ದಿನವೂ ಬೀಳತೊಡಗಿತು. ಮಹಾನಂದಾ ದಿನವೂ ಕೂಡಿಸಿದಳು. ಮನೆಯ ಉಳಿದೆಲ್ಲ ಕಡೆ ಅದೇ ಪುಡಿಯನ್ನು ಹೊಲಸೆಂದು ಗುಡಿಸಿ ಎಸೆದ ಕೈ ಜಗಲಿಯ ಮೇಲಿನದನ್ನು ಪ್ರಸಾದವೆಂದು ಡಬ್ಬಿಗೆ ತುಂಬುತ್ತಿತ್ತು.

ಅಮರನಾಥನ ಕೆಮ್ಮು ನಾಲ್ಕರಿಂದ ನಲವತ್ತಾಯಿತು. ಊರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಎಷ್ಟು ವರ್ಷ ಡಿಪೋದಾಗಿದ್ರಿ?” ಎಂದರು. ಮೂವತ್ತೊಂದು ಎಂದ ಕೂಡಲೇ ಅವರಿಗೆ ಉತ್ತರ ಸಿಕ್ಕಿಹೋಯಿತು. ಬಾಯಿಯಿಂದ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಮನೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ವೀರಪ್ಪನ ಲೆಕ್ಕವಂತೂ ಇನ್ನೂ ಗಟ್ಟಿಯಾಗಿತ್ತು. ದಿನವೂ ಚಹಾಕ್ಕೆ ಬರುತ್ತಿದ್ದ ಅವನು ಒಂದು ಮುಂಜಾನೆ ಬಚ್ಚಲಿಗೆ ತಮ್ಮನ ಹಿಂದೆಯೇ ಹೋದ, ತಮ್ಮ ಉಗಿದ ಕಫವನ್ನು ಬಗ್ಗಿ ನೋಡಿದ, ಹೊರಗೆ ಬಂದು ಸಂತೋಷದಿಂದ ಕೈ ತಟ್ಟಿದ.

“ಬರಾಕತ್ತದ, ಬರಾಕತ್ತದ! ಸಿಟಿ ಹೊಲಸೆಲ್ಲ ಹೊರಗ ಬರಾಕತ್ತದ. ಮೂವತ್ತು ವರ್ಷಿಂದು, ಒಂದ ದಿನಕ್ಕ ಹ್ಯಾಂಗ ಬರ್ತದ? ಇನ್ನೊಂದೆರಡು ವರ್ಷ ಬಿಡು, ಎದಿ ಗಾಜಿನಂಗ ಆಗ್ತದ.”

ಮಹಾನಂದಾ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಭಾವನ ಮುಂದೆ ಇಟ್ಟ ಬಿಸ್ಕಿಟ್ ತಟ್ಟೆಯನ್ನು ಹಿಂದಕ್ಕೆ ಒಯ್ದಳು. ಬಚ್ಚಲಿನಿಂದ ಬಂದವನು ಕೈ ತೊಳೆದಿರಲಿಲ್ಲ. ಕಫ ಬಿಳಿಯದಾಗಿತ್ತು ಎಂಬುದನ್ನು ಬಚ್ಚಲು ತೊಳೆಯುವಾಗ ಆಕೆಯೂ ನೋಡಿದ್ದಳು. ಡಿಪೋದ ಹೊಗೆ ಕಪ್ಪಲ್ಲವೇ ಎಂಬ ಮಾತು ನಾಲಗೆಯವರೆಗೆ ಬಂದು ಅಲ್ಲೇ ನಿಂತಿತು. ಆ ಮನೆತನದಲ್ಲಿ ತಮ್ಮನ ಹೆಂಡತಿ ಭಾವನಿಗೆ ಎದುರುತ್ತರ ಕೊಡುವ ಪದ್ಧತಿ ಇರಲಿಲ್ಲ.

ಎದುರುತ್ತರದ ಬದಲು ಆಕೆ ಎರಡು ಕೆಲಸ ಮಾಡಿದಳು. ಮೊದಲನೆಯದು, ಗೋಡೆಯ ಕ್ಯಾಲೆಂಡರಿನಲ್ಲಿ ಗಂಡ ರಾತ್ರಿ ತಲೆಗೆ ಇಟ್ಟುಕೊಂಡ ದಿಂಬುಗಳ ಸಂಖ್ಯೆಯನ್ನು ಮರುಮುಂಜಾನೆ ಬರೆಯತೊಡಗಿದಳು. ತಲೆ ಎತ್ತರವಿದ್ದಷ್ಟೂ ಅವನಿಗೆ ಉಸಿರು ಸುಲಭವಾಗುತ್ತಿತ್ತು. ೨೦೨೧ರ ಆರಂಭದಲ್ಲಿ ಒಂದು, ಆ ಬೇಸಿಗೆಗೆ ಎರಡು, ೨೦೨೨ರ ದೀಪಾವಳಿಗೆ ಮೂರು. ಮೂರರ ಮೇಲೆ ಏನು ಎಂಬುದನ್ನು ಆಕೆ ಯೋಚಿಸಲು ಹೋಗಲಿಲ್ಲ. ಎರಡನೆಯದು, ಮಡಿಯುಟ್ಟು ಪ್ರತಿ ಮುಂಜಾನೆ ಡಬ್ಬಿಯ ವಿಭೂತಿಯನ್ನು ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಹಾಕಿ ಗಂಡನಿಗೆ ಕುಡಿಸಿದಳು. ಡಬ್ಬಿ ಬರಿದಾಗುವ ಚಿಂತೆಯೇ ಇರಲಿಲ್ಲ.

೨೦೨೩ರ ಸಂಕ್ರಾಂತಿಯ ಮರುದಿನ ನಾರಾಯಣಖೇಡದಿಂದ ಅಕ್ಕ ಸುಗಲಾಬಾಯಿಯ ಕರೆ ಬಂತು. ಕಣ್ಣಿನ ಆಪರೇಷನ್ ಆಗಿದೆ, ಎಂಟು ದಿನ ಕೈಗೆ ಆಸರೆ ಬೇಕು. ಗಂಡನನ್ನು ಒಬ್ಬನೇ ಬಿಡಲಾರದೆ ಮಹಾನಂದಾ ಅವನನ್ನೂ ಬಸ್ಸಿಗೆ ಹತ್ತಿಸಿದಳು. ಜೊತೆಗೆ ವಿಭೂತಿ ಗಟ್ಟಿ, ಡಬ್ಬಿ, ನವಿಲುಗರಿ, ಮೂರು ದಿಂಬು.

ತವರೂರಿಗೆ ಬಂದೆನೆಂದು ಆಕೆಯ ಮೂಗು ರಿಯಾಯಿತಿ ತೋರಿಸಲಿಲ್ಲ. ಅಕ್ಕನ ಮನೆಯ ಮುಂದೆಯೇ ತೆರೆದ ಮೋರಿ. ಅದರೊಳಗೆ ಹೊಟ್ಟೆಯವರೆಗೆ ಮುಳುಗಿ ಹಂದಿ ಮತ್ತು ಅದರ ಏಳು ಮರಿ. ಮಾರುಕಟ್ಟೆಯ ಕಡೆಯಿಂದ ತೊಗರಿಯ ಹೊಟ್ಟು ಹಾರಿಬಂದು ಕುತ್ತಿಗೆಗೆ ಕಚ್ಚುತ್ತಿತ್ತು. ಸಂಜೆಗೆ ಯಾರೋ ಪ್ಲಾಸ್ಟಿಕ್ ಸುಡುವರು. ಚಹಾದ ಬಟ್ಟಲಿನ ಅಂಚಿನ ಮೇಲೆ ನೊಣಗಳು ಸಾಲಾಗಿ ಕೂರುವವು. ಮಹಾನಂದಾ ಮೂಗಿಗೆ ಸೆರಗು ಹಿಡಿದೇ ಅಕ್ಕನ ಕಣ್ಣಿಗೆ ಔಷಧಿ ಹನಿಸಿದಳು.

“ಮೂಗು ಬಿಡ, ನಿನ್ನ ಮೂಗೇನು ಉದುರಿ ಬೀಳಂಗಿಲ್ಲ. ಇದೇ ಮೋರಿ ದಾಟಿ ಸಾಲಿಗಿ ಹೋದಾಕಿ ನೀ” ಎಂದಳು ಸುಗಲಾಬಾಯಿ.

“ಆವಾಗೂ ಮೂಗು ಹಿಡಕೊಂಡೇ ಹೋಗ್ತಿದ್ದೆ.”

ಆದರೆ ನಾಲ್ಕನೆಯ ರಾತ್ರಿ ಅಮರನಾಥ ತಲೆಯಡಿಯ ಒಂದು ದಿಂಬನ್ನು ಕೆಳಗೆ ತಳ್ಳಿದ್ದ. ಆರನೆಯ ರಾತ್ರಿ ಎರಡನೆಯದನ್ನು. ಏಳನೆಯ ಮುಂಜಾನೆ ಆಕೆ ಎದ್ದು ನೋಡಿದಾಗ ಗಂಡ ಒಂದೇ ದಿಂಬಿನ ಮೇಲೆ ಅಂಗಾತ ಮಲಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಎರಡು ವರ್ಷದಿಂದ ಕೇಳದ ಗೊರಕೆ. ಹಂದಿಯ ಮೋರಿಯ ನಾತದ ನಡುವೆ ಆಕೆ ಅದನ್ನು ನಿಂತು ಕೇಳಿದಳು.

ಅಂದೇ ಪೂಜೆಗೆ ಕೂತಾಗ ಡಬ್ಬಿ ತಳ ಕಾಣುತ್ತಿತ್ತು. ಅಕ್ಕನ ಜಗಲಿಯ ಮೇಲೆ ನವಿಲುಗರಿ ಆಡಿಸಿದಳು. ಉಗುರು ಮುಚ್ಚುವಷ್ಟು ಪುಡಿಯೂ ಸಿಗಲಿಲ್ಲ.

“ಅಕ್ಕಾ, ಇಲ್ಲಿ ವಿಭೂತಿ ಉದುರವಲ್ದಲಾ. ಡಬ್ಬಿ ಖಾಲಿ ಆತು.”

ಸುಗಲಾಬಾಯಿ ಹಸಿರು ಬಟ್ಟೆ ಕಟ್ಟಿದ ಮುಖವನ್ನು ಇತ್ತ ತಿರುಗಿಸಿದಳು. “ಅಲ್ಲಿ ಎಷ್ಟು ಉದುರ್ತಿತ್ತು?”

“ಎರಡು ತಿಂಗಳಿಗಿ ಒಂದು ಡಬ್ಬಿ ತುಂಬ್ತಿತ್ತು.”

“ಗಟ್ಟಿ ಎಷ್ಟು ತಂದಿದ್ದಿ?”

“ಇದೊಂದೇ.”

ಅಕ್ಕ ಕೈಚಾಚಿ ಗಟ್ಟಿಯನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿದಳು. ನಿಂಬೆಹಣ್ಣಿನಷ್ಟಿದ್ದ ಗಟ್ಟಿ ಈಗಲೂ ಹೆಚ್ಚುಕಡಿಮೆ ನಿಂಬೆಹಣ್ಣಿನಷ್ಟೇ ಇತ್ತು. “ಇದರಾಗಿಂದ ಹನ್ನೆರಡು ಡಬ್ಬಿ ಪುಡಿ ಬಂತಾ? ನನಗ ಒಂದೇ ಕಣ್ಣಿಲೇ ಕಾಣಾಕತ್ತದ. ನಿನಗ ಎರಡಿದ್ದೂ ಕಾಣವಲ್ದಲೇ, ಹುಚ್ಚಿ!”

ಮಹಾನಂದಾ ಗಟ್ಟಿಯನ್ನು ತಾನೂ ಅಂಗೈಯಲ್ಲಿ ತೂಗಿ ನೋಡಿದಳು. ಆದರೆ ಪ್ರಯೋಗಾಲಯದ ಅಟೆಂಡರ್ ಆಗಿದ್ದವಳು ಒಂದು ಅನುಮಾನದ ಮೇಲೆ ತೀರ್ಪು ಕೊಡುವವಳೂ ಆಗಿರಲಿಲ್ಲ. ತಾಂಡೂರಿಗೆ ಮರಳಿದ ದಿನವೇ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಬೆಳಗಿದಳು. ಜಗಲಿಯನ್ನು ಮೂರು ನೀರಿನಲ್ಲಿ ತೊಳೆದಳು. ಆರು ದಿನ ಗಂಡಹೆಂಡಿರು ಪಡಸಾಲೆಯಲ್ಲಿ ಪೂಜೆ ಮಾಡಿಕೊಂಡರು. ದೇವರ ಕೋಣೆಗೆ ಯಾರೂ ಕಾಲಿಡಲಿಲ್ಲ. ಏಳನೆಯ ಮುಂಜಾನೆ ಬಾಗಿಲು ತೆರೆದು ಜಗಲಿಯ ಮೇಲೆ ತೋರುಬೆರಳು ಎಳೆದಳು. ಬೆರಳು ಹೋದ ದಾರಿ ಕರಿಕಲ್ಲಿನ ಮೇಲೆ ನೀಟಾಗಿ ಮೂಡಿತು. ಎರಡೂ ಬದಿಗೆ ಅದೇ ಹಾಲುಬಣ್ಣದ, ಅದೇ ನುಣುಪಿನ ಪುಡಿ.

ಪಾತ್ರೆ ತಿಕ್ಕಲು ಬರುತ್ತಿದ್ದ ಪೋಚಮ್ಮ ಹಗಲೆಲ್ಲ ವೀರಪ್ಪನ ಕಾರ್ಖಾನೆಯಲ್ಲಿ ಕಲ್ಲು ಎತ್ತಿಡುವವಳು. ಆಕೆಯನ್ನು ಕರೆದು ತೋರಿಸಿದ್ದಕ್ಕೆ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

“ಅದು ಬೂದಿ ಅಲ್ಲಮ್ಮ, ರಾಯಿ ಪುಡಿ. ಕಲ್ಲಿಂದು. ನಮ್ಮ ಮಷೀನಿಂದು.”

“ನಿನಗ ಗೊತ್ತಿತ್ತಾ?”

“ಎರಡು ವರ್ಷದಿಂದ ನೋಡ್ತೀನಲ್ಲಮ್ಮ. ಡಬ್ಬಿಯಾಗ ತುಂಬ್ತೀರಿ, ಹಣಿಗಿ ಹಚ್ಚತೀರಿ, ಅಯ್ಯನೋರಿಗಿ ಕುಡಸ್ತೀರಿ.”

“ಮತ್ತ ಯಾಕ ಹೇಳಲಿಲ್ಲ?”

“ದೊಡ್ಡೋರ ಮನ್ಯಾಗ ಏನೋ ಪದ್ಧತಿ ಇರಬೇಕು ಅನ್ಕೊಂಡೆ” ಎಂದ ಪೋಚಮ್ಮ ಕೆಮ್ಮಿ, ಹೊರಗೆ ಹೋಗಿ ಉಗಿದು ಬಂದು, ಮತ್ತೆ ಪಾತ್ರೆಗೆ ಕೈ ಹಾಕಿದಳು.

ಮಹಾನಂದಾ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಆ ದಿನದ ಬಗೆಗೆ ಎರಡನೆಯ ಸೋಮವಾರ ಹೇಳುವಾಗಲೂ ಆಕೆ ನಡುವೆ ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದಳು. ಊರಿನ ಮೇಲೆ, ಭಾವನ ಮೇಲೆ ಇದ್ದ ಹೇಸಿಗೆಯೆಲ್ಲ ಆ ಹೊತ್ತಿಗೆ ಸಣ್ಣದಾಗಿತ್ತು. ಲೋಕದ ಹೊಲಸನ್ನೆಲ್ಲ ಮೂರು ಸಲ ಒರೆಸಿದವಳು, ಏಳುನೂರಕ್ಕೂ ಹೆಚ್ಚು ಮುಂಜಾನೆ ತನ್ನ ಕೈಯಾರೆ ಗಂಡನ ಬಾಯಿಗೆ ಅದನ್ನೇ ಹಾಕಿದ್ದಳು. ಅದೂ ಕಣ್ಣು ಮುಚ್ಚಿ, ಶಿವನಾಮ ಹೇಳಿ. ನೀರಿನೊಂದಿಗೆ ಕುಡಿದ ಚಿಟಿಕೆಗಿಂತ ಮೂಗಿನಿಂದ ಹೋದದ್ದೇ ಕೆಡುಕು ಮಾಡಿರಬೇಕೆಂದು ಆಕೆಗೆ ತಿಳಿಯುತ್ತಿತ್ತು. ತಿಳಿದ ಮಾತ್ರಕ್ಕೆ ವಾಕರಿಕೆ ನಿಲ್ಲಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಕ್ಯಾಲೆಂಡರಿನ ದಿಂಬುಗಳನ್ನು ತೋರಿಸಿದಳು: ಇಲ್ಲಿ ಮೂರು, ನಾರಾಯಣಖೇಡದಲ್ಲಿ ಒಂದು, ಮರಳಿದ ನಾಲ್ಕನೆಯ ದಿನ ಮತ್ತೆ ಮೂರು. ಅಮರನಾಥ ಗೋಡೆಗೆ ಒರಗಿ ಕೇಳಿಸಿಕೊಂಡ.

“ಡಿಪೋದ ಹೊಗಿನೇ ಇದು” ಎಂದ.

“ಹೊಗಿ ನಾರಾಯಣಖೇಡಕ್ಕ ಬಂದಾಗ ಎಲ್ಲಿ ಹೋಗಿತ್ತು?”

“ಅಣ್ಣನ ಜಾಗಾದಾಗ ಕುಂತು ಅಣ್ಣನ ಗಾಳಿ ಹೊಲಸದ ಅಂತ ಹ್ಯಾಂಗ ಹೇಳಲಿ? ಅಪ್ಪ ಹೋದ ಮ್ಯಾಲ ನನಗ ಸಾಲಿ ಕಲಿಸಿದಾಂವ ಅಂವಾ. ಅವಗ ಏನೂ ಹೇಳಬ್ಯಾಡ.”

ಮಹಾನಂದಾಳಿಗೆ ಆಗ ನಿಜವಾದ ಭಯ ಹತ್ತಿತು. ಈ ಮನುಷ್ಯ ಮರ್ಯಾದೆಗೆ ಅಂಜಿ, ಇದೇ ಗೋಡೆಗೆ ಒರಗಿ, ನಾಲ್ಕನೆಯ ದಿಂಬಿಗೂ ಹೋಗುತ್ತಾನೆ, ಅದರಾಚೆಗೂ ಹೋಗುತ್ತಾನೆ. ಅವನನ್ನು ಅಲ್ಲಿಂದ ಎಬ್ಬಿಸಬಲ್ಲ ಮಾತು ತನ್ನ ಬಳಿ ಒಂದೂ ಇರಲಿಲ್ಲ. ಡಬ್ಬಿಯೊಂದಿತ್ತು. ಶಿವರಾತ್ರಿ ಹತ್ತಿರವಿತ್ತು.

ಶಿವರಾತ್ರಿಯ ಮುಂಜಾನೆ ವೀರಪ್ಪ ತಮ್ಮನ ಮನೆಗೆ ಪೂಜೆಗೆ ಬರುವುದು ವಾಡಿಕೆ. ಅಂದು ಬಿಳಿ ಧೋತರ ಉಟ್ಟು, ಸ್ನಾನದ ಒದ್ದೆ ಕೂದಲಿನಲ್ಲೇ ಬಂದ. ಮಹಾನಂದಾ ಮೂಗಿನವರೆಗೆ ಸೆರಗು ಎಳೆದುಕೊಂಡು, ಎರಡೂ ಕೈಯಿಂದ ಹಿತ್ತಾಳೆ ಡಬ್ಬಿಯನ್ನು ಭಾವನ ಮುಂದೆ ಹಿಡಿದಳು. ವೀರಪ್ಪ ಮೂರು ಬೆರಳು ಅದ್ದಿ ಹಣೆಗೆ, ತೋಳಿಗೆ, ಎದೆಗೆ ದಪ್ಪನಾಗಿ ಎಳೆದ. ಒಂದು ಚಿಟಿಕೆ ನಾಲಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ.

“ಆಹಾ. ಎಷ್ಟು ನುಣ್ಣಗದ! ಶ್ರೀಶೈಲದ್ದಾ?”

“ಅಲ್ರಿ ಭಾವನೋರೆ, ನಿಮ್ಮ ಮಷೀನಿಂದು” ಎಂದಳು ಮಹಾನಂದಾ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಭಾವನಿಗೆ ಆಕೆ ಕೊಟ್ಟ ಮೊದಲ ಉತ್ತರ ಅದು. “ಜಗಲಿ ಮ್ಯಾಲ ಬಿದ್ದದ್ದು ಕೂಡಿಸೀನಿ. ನಿಮ್ಮ ತಮ್ಮನೋರು ಎರಡು ವರ್ಷ ದಿನಾ ಇದನ್ನೇ ತಗೊಂಡಾರ. ಅಮೃತ ಅಂದಿದ್ರಲಾ.”

ವೀರಪ್ಪನ ಕಣ್ಣು ತೆರೆಯಿತು. ಬಾಯಿ ತೆರೆದೇ ಉಳಿಯಿತು. ಮರುಕ್ಷಣ “ಥೂ! ಥೂ!” ಎಂದು ಅಂಗಳಕ್ಕೆ ಓಡಿದ. ನಳದ ಕೆಳಗೆ ಬಗ್ಗಿ ಒಮ್ಮೆ, ಎರಡನೆಯ ಬಾರಿ, ಮೂರನೆಯ ಬಾರಿ ಬಾಯಿ ಮುಕ್ಕಳಿಸಿದ. ಧೋತರದ ತುದಿಯನ್ನು ಬೆರಳಿಗೆ ಸುತ್ತಿ ನಾಲಗೆಯನ್ನು ಬುಡದವರೆಗೆ ಉಜ್ಜಿದ, ಓಕರಿಸಿದ, ಮತ್ತೆ ಉಜ್ಜಿದ.

“ದೇವರ ಹೆಸರಿಲೇ ಹೊಲಸು ತಿನಸ್ತಿಯಾ? ಮನಷ್ಯಾರು ನುಂಗೋದಾ ಇದು?”

ಅಮರನಾಥ ಪಡಸಾಲೆಯ ಕಂಬ ಹಿಡಿದು ನಿಂತು ಅಣ್ಣನನ್ನೇ ನೋಡುತ್ತಿದ್ದ. ಹೆಂಡತಿಗೆ ಬೈದು ಅಣ್ಣನ ಕಾಲಿಗೆ ಬೀಳುತ್ತಾನೆಂದು ಮಹಾನಂದಾ ಎಣಿಸಿದ್ದಳು. ಅವನು ಹಾಗೇನೂ ಮಾಡಲಿಲ್ಲ. ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು, ಮೆಲ್ಲಗೆ ಕೇಳಿದ:

“ಅಣ್ಣಾ, ಒಂದು ಚಿಟಿಕಿಗಿ ಇಷ್ಟು ತೊಳಕೋತಿ. ನಾ ಎದಿ ಒಳಗ ಏನು ಹಾಕಿ ತೊಳಕೊಳ್ಳಲಿ?”

ವೀರಪ್ಪ ಒದ್ದೆ ಧೋತರದಲ್ಲೇ ಹೊರಟುಹೋದ. ಹಣೆಯ ಮೂರು ಪಟ್ಟೆ ಹಾಗೇ ಇದ್ದವು. ಅವನ್ನು ಅಳಿಸಲು ಅವನಿಗೆ ಧೈರ್ಯ ಬಂದಿರಲಿಲ್ಲ. ಗೋಡೆಯ ಆಚೆ ಯಂತ್ರ ಹಬ್ಬದ ನಿಮಿತ್ತ ಒಂದು ದಿನ ನಿಂತಿತ್ತು. ಮರುದಿನ ಮತ್ತೆ ತಿರುಗಿತು. ಅದನ್ನು ಕೇಳಿಸಿಕೊಂಡ ಅಮರನಾಥ, “ಟ್ರಂಕು ಇಳಸು” ಎಂದ.

೨೦೨೩ರ ಮಾರ್ಚ್ ೧೩ರಂದು, ಸೋಮವಾರ, ಮನೆಗೆ ಬೀಗ ಬಿತ್ತು. ಬೀಗದ ಕೈಯನ್ನು ಪೋಚಮ್ಮನಿಗೆ ಕೊಡುವಾಗ ಮಹಾನಂದಾ, “ನೀನೂ ಆ ಕೆಲಸ ಬಿಡು” ಎಂದಳು. “ಬಿಟ್ಟು ನಿಮ್ಮ ಹಂಗ ಟ್ರಂಕು ಇಳಸ್ಲಾ?” ಎಂದು ಪೋಚಮ್ಮ ನಕ್ಕಳು, ನಗು ಕೆಮ್ಮಿನಲ್ಲಿ ಮುಗಿಯಿತು.

ಈಗ ಅವರಿರುವುದು ಲಿಂಗಂಪಲ್ಲಿಯಲ್ಲೇ, ಹಳೆಯ ಮನೆಯಿಂದ ಎರಡು ಬೀದಿ ಆಚೆ, ಬಾಡಿಗೆಗೆ. ಅದೇ ನಾಲೆಯ ನಾತ ಈ ಕಿಟಕಿಗೂ ಬರುತ್ತದೆ. ಸರಳಿಗೆ ಅದೇ ಕರಿ ಮಸಿ. ನಾಲ್ಕನೆಯ ಸೋಮವಾರವೂ ಆಕೆ ಮಾತಿನ ನಡುವೆ ಎದ್ದು ಸರಳನ್ನು ಒದ್ದೆ ಕಾಗದದಿಂದ ಒರೆಸಿ, ಕಾಗದವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಬುಟ್ಟಿಗೆ ಹಾಕಿದಳು.

“ಇಲ್ಲೂ ಹೊಲಸೇ. ಸಿಟಿ ಛಲೋ ಅದ ಅಂತ ಬರ್ಕೋಬ್ಯಾಡ್ರಿ. ಆದರ ಇದು ಹೊಲಸು ಅಂತ ಇಲ್ಲಿ ಎಲ್ಲರಿಗೂ ಗೊತ್ತದ. ಅಮೃತ ಅಂತ ಯಾರೂ ಅನ್ನಂಗಿಲ್ಲ.”

ಅಮರನಾಥ ಒಳಕೋಣೆಯಿಂದ, “ಆಕಿಗಿ ಚಹಾ ಮಾಡಾಕ ಹೇಳ್ರಿ, ಮೂಗಿನ ಕತಿ ಸಾಕು” ಎಂದ. ಈಗ ಅವನು ತರಕಾರಿ ಚೀಲವನ್ನು ಒಂದನೇ ಮಹಡಿಯವರೆಗೆ ತರುತ್ತಾನೆ. ನಡುವೆ ಒಮ್ಮೆ ನಿಲ್ಲುತ್ತಾನೆ. ನಗರದ ಡಾಕ್ಟರು, ಒಳಗೆ ಕೂತದ್ದರಲ್ಲಿ ಸ್ವಲ್ಪ ಇನ್ನು ಅಲ್ಲೇ ಇರುತ್ತದೆ ಎಂದಿದ್ದಾರೆ.

ಆಕೆ ನಾಲ್ಕು ವರ್ಷಗಳ ಕ್ಯಾಲೆಂಡರುಗಳನ್ನು ತಂದು, ಟೀಪಾಯಿಯನ್ನು ಒರೆಸಿ, ಒಂದರ ಮೇಲೊಂದು ಇಟ್ಟಳು. ಪ್ರತಿ ತಿಂಗಳ ಪುಟದ ಚಿತ್ರವನ್ನೂ ಅಲ್ಲೇ ತೆಗೆದು, ಹಿತ್ತಾಳೆ ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ, ಎರಡನ್ನೂ ಧ್ವನಿಮುದ್ರಣದೊಂದಿಗೆ ಸೇರಿಸಲಾಗಿದೆ. ಕೊನೆಯ ಪುಟದಲ್ಲಿ ಅಂದಿನ ತಾರೀಖಿನ ಚೌಕ ಖಾಲಿ ಇತ್ತು. ಆಕೆ ಪೆನ್ಸಿಲು ತೆಗೆದುಕೊಂಡು ಅಂಕಿ ತುಂಬಿ, ದಾಖಲೆಯಲ್ಲೂ ಹಾಗೇ ಬರೆಯಬೇಕೆಂದಳು: ೨೦೨೪ ಮೇ ೬, ಸೋಮವಾರ, ದಿಂಬು ಎರಡು.